ನಾಲೆ ಏರಿಯ ದಾರಿಗೆ ಬೆಲ್ಟ್ ತೆಗೆದು ಚೈನ್ ಹಾಕಿಸಬಹುದೇ?

ನೀವು ಕೇಳಿರುವುದು ಇಷ್ಟು: ಊರು ಮಳವಳ್ಳಿ ಕಡೆಯ ಹಳ್ಳಿ, ಎಲೆಕ್ಟ್ರಿಕ್ ಬೈಕಿನಲ್ಲಿ ಮೋಟಾರಿನಿಂದ ಹಿಂದಿನ ಚಕ್ರ ತಿರುಗಿಸುವ ಬೆಲ್ಟ್ ಒಂದೂವರೆ ವರ್ಷದಲ್ಲಿ ಎರಡು ಸಲ ತುಂಡಾಗಿದೆ, ಹೊಸದು ಬರುವವರೆಗೆ ಗಾಡಿ ವಾರಗಟ್ಟಲೆ ನಿಂತಿದೆ. ಪೆಟ್ರೋಲ್ ಬೈಕಿನಂತೆ ಚೈನ್ ಹಾಕಿಸಿದರೆ ಮೋಟಾರು, ಅದರ ಬೇರಿಂಗು ಕೆಡುತ್ತದೆಯೇ, ಚಾರ್ಜು ಬೇಗ ಮುಗಿಯುತ್ತದೆಯೇ? ಮೋಟಾರು ಕೆಡುವುದಿಲ್ಲ, ಚಾರ್ಜಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸವೂ ಆಗುವುದಿಲ್ಲ. ನನ್ನ ಗಾಡಿಗೆ ಚೈನ್ ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಆದರೆ ಬೆಲ್ಟ್ ಯಾಕೆ ತುಂಡಾಯಿತು ಎಂದು ತಿಳಿಯದೆ ಚೈನಿಗೆ ಕೈ ಹಾಕಬೇಡಿ. ಕಾರಣ ಬೇರೆಯಾಗಿದ್ದರೆ ಆ ಕಾಯಿಲೆ ಚೈನಿಗೂ ಅಂಟುತ್ತದೆ.

ನಾನು ಪಾಂಡವಪುರ ತಾಲ್ಲೂಕಿನವನು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಟೂಲ್‌ರೂಮಿನಲ್ಲಿ ಟರ್ನರ್ ಕೆಲಸ, ಅಂದರೆ ಲೇತ್ ಯಂತ್ರದ್ದು. ಮನೆ ಬಿಟ್ಟು ಡಾಂಬರು ಮುಟ್ಟುವವರೆಗೆ ಮೂರು ಕಿಲೋಮೀಟರ್ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆಯೇ ಹೋಗಬೇಕು. ಬೇಸಿಗೆಯಲ್ಲಿ ಜಲ್ಲಿ, ಮಳೆಗಾಲದಲ್ಲಿ ಕೆಸರು, ಕಬ್ಬು ಕಡಿಯುವ ತಿಂಗಳುಗಳಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ತರಗು. ನಿಮ್ಮ ದಾರಿಯೂ ಹೆಚ್ಚುಕಡಿಮೆ ಹೀಗೆಯೇ ಇರಬಹುದು.

ತುಂಡಾದ ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿ. ಈ ಹಲ್ಲಿನ ಬೆಲ್ಟುಗಳ ಒಳಗೆ ಕಾರ್ಬನ್ ಅಥವಾ ಅರಾಮಿಡ್ ಎಳೆಗಳಿರುತ್ತವೆ. ಭಾರ ಹೊರುವುದು ಆ ಎಳೆಗಳೇ. ಮೇಲಿನ ಪಾಲಿಯುರೆಥೇನ್ ಅಥವಾ ರಬ್ಬರು ಅವುಗಳಿಗೆ ಹೊದಿಕೆ ಮಾತ್ರ. ಎಳೆಯುವ ಬಲಕ್ಕೆ ಎಷ್ಟು ಗಟ್ಟಿಯೋ, ಮಡಚಿದರೆ ಅಷ್ಟೇ ದುರ್ಬಲ. ಕತ್ತರಿಯಿಂದ ಕತ್ತರಿಸಿದಂತೆ ಅಡ್ಡಕ್ಕೆ ನೇರವಾಗಿ ತುಂಡಾಗಿದ್ದರೆ ಆ ಜಾಗದಲ್ಲಿ ಬೆಲ್ಟ್ ಹಿಂದೆಯೇ ಮಡಚಿ ಹೋಗಿತ್ತು ಎಂದರ್ಥ. ನನ್ನ ಎರಡನೆಯ ಬೆಲ್ಟ್ ಹೋದದ್ದು ಹೀಗೆ. ಹೊಸದನ್ನು ಹಾಕುವಾಗ ಮೆಕ್ಯಾನಿಕ್ ಆಕ್ಸಲ್ ಸಡಿಲಿಸದೆ, ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಪುಲ್ಲಿಯ (ಬೆಲ್ಟ್ ಸುತ್ತುವ ಹಲ್ಲಿನ ಗಾಲಿಯ) ಮೇಲೆ ಏರಿಸಿದ್ದರು. ಹೊರಗೆ ಗೀರು ಕೂಡ ಇರಲಿಲ್ಲ. ಎರಡು ತಿಂಗಳ ಮೇಲೆ ಶ್ರೀರಂಗಪಟ್ಟಣ ದಾಟುವಾಗ ಅದೇ ಜಾಗದಲ್ಲಿ ತುಂಡಾಯಿತು. ತುದಿ ಹರಿದ ಗೋಣಿಯಂತೆ ಚಿಂದಿಯಾಗಿದ್ದರೆ ಅದು ಜೋರಾದ ಎಳೆತದ ಹೊಡೆತ. ಬೆನ್ನಿನ ಮೇಲೆ ಸಣ್ಣ ತೂತು, ಅದರ ಸುತ್ತ ಉಬ್ಬು ಇದ್ದರೆ ಬೆಲ್ಟಿಗೂ ಪುಲ್ಲಿಗೂ ನಡುವೆ ಜಲ್ಲಿ ಸಿಕ್ಕಿದೆ. ಒಂದೇ ಅಂಚು ಸವೆದು ಎಳೆ ಬಿಟ್ಟಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಹಲ್ಲುಗಳೇ ಕಿತ್ತಿದ್ದರೆ ಬಿಗಿ ಸಾಲದೆ ಬೆಲ್ಟ್ ಹಲ್ಲು ಹಾರಿದೆ.

ಇವುಗಳಲ್ಲಿ ಚೈನ್ ಹಾಕಿಸಲು ನಿಜವಾದ ಕಾರಣವೆಂದು ನಾನು ಒಪ್ಪುವುದು ಜಲ್ಲಿಯ ತೂತು ಒಂದನ್ನೇ. ಉಳಿದವು ಕೂರಿಸುವವರ ಅಥವಾ ಓಡಿಸುವವರ ಕೈಯ ದೋಷ, ಸರಿಪಡಿಸಬಹುದು. ಮೈಸೂರಿನ ಒಳಗೆ ಡಾಂಬರಿನ ಮೇಲೆ ಮಾತ್ರ ಓಡಿಸುವವರು ಕೇಳಿದ್ದರೆ ಬೆಲ್ಟನ್ನೇ ಇಟ್ಟುಕೊಳ್ಳಿ ಎನ್ನುತ್ತಿದ್ದೆ. ಎಣ್ಣೆ ಬೇಡ, ಸದ್ದಿಲ್ಲ, ಸರಿಯಾಗಿ ಕೂರಿಸಿದರೆ ಹತ್ತಾರು ಸಾವಿರ ಕಿಲೋಮೀಟರ್ ಬರುತ್ತದೆ. ಹಾಗೆಂದು ಎಲೆಕ್ಟ್ರಿಕ್ ಗಾಡಿಗೂ ಚೈನಿಗೂ ಆಗಿಬರುವುದಿಲ್ಲ ಎನ್ನುವವರ ಮಾತನ್ನು ನಂಬಬೇಡಿ. ಅಲ್ಟ್ರಾವಯಲೆಟ್ ಎಫ್77 ಎಂಬ ಎಲೆಕ್ಟ್ರಿಕ್ ಬೈಕ್ ಕಾರ್ಖಾನೆಯಿಂದಲೇ ಚೈನ್ ಹಾಕಿಕೊಂಡು ಬರುತ್ತದೆ.

ಈಗ ಕೆಲಸಕ್ಕೆ ಬರುತ್ತೇನೆ. ಮೊದಲು ಹಲ್ಲು ಎಣಿಸಿ. ನನ್ನ ಗಾಡಿಯಲ್ಲಿ ಮುಂದಿನ ಪುಲ್ಲಿಗೆ 28 ಹಲ್ಲು, ಹಿಂದಿನದಕ್ಕೆ 126. ಅಂದರೆ ಅನುಪಾತ 4.5. ಅದನ್ನು ಹಾಗೆಯೇ ಉಳಿಸಿಕೊಂಡು ಮುಂದೆ 14, ಹಿಂದೆ 63 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಗಾಲಿ) ಮಾಡಿಸಿದೆ. ಅನುಪಾತ ಬದಲಿಸುವ ಆಸೆ ಬೇಡ. ಅನೇಕ ಗಾಡಿಗಳು ವೇಗವನ್ನು ಮೋಟಾರಿನ ಸುತ್ತಿನಿಂದ ಲೆಕ್ಕ ಹಾಕುತ್ತವೆ. ಅನುಪಾತ ಬದಲಾದರೆ ಸ್ಪೀಡೋಮೀಟರ್, ಓಡಿದ ಕಿಲೋಮೀಟರ್, ಇನ್ನೆಷ್ಟು ದೂರ ಹೋಗಬಹುದು ಎಂಬ ಅಂದಾಜು ಎಲ್ಲವೂ ತಪ್ಪುತ್ತವೆ. ಮುಂದಿನ ಸ್ಪ್ರಾಕೆಟ್ಟನ್ನು 14 ಹಲ್ಲಿಗಿಂತ ಕಡಿಮೆ ಮಾಡಿಸಬೇಡಿ. ಹಲ್ಲು ಕಡಿಮೆಯಾದಷ್ಟೂ ಚೈನ್ ದುಂಡಗೆ ಸುತ್ತದೆ ಮೂಲೆ ಮೂಲೆಯಾಗಿ ಸುತ್ತುತ್ತದೆ, ಪ್ರತಿ ಹಲ್ಲಿಗೂ ವೇಗ ಏರಿಳಿಯುತ್ತದೆ. 14 ಹಲ್ಲಿಗೆ ಆ ಏರಿಳಿತ ಶೇ 2.5ರಷ್ಟು, 11ಕ್ಕೆ ಇಳಿಸಿದರೆ ಶೇ 4. ಪೆಟ್ರೋಲ್ ಎಂಜಿನಿನ ನಡುಕದಲ್ಲಿ ಇದು ಮುಚ್ಚಿಹೋಗುತ್ತದೆ, ಸದ್ದಿಲ್ಲದ ಮೋಟಾರಿನಲ್ಲಿ ಕಾಲಿನ ಪಾದಕ್ಕೇ ತಿಳಿಯುತ್ತದೆ.

ಚೈನ್ 428 ಎಂಬ ಅಳತೆಯದು ಸಾಕು. 100 ಸಿಸಿ ಬೈಕುಗಳಲ್ಲಿರುವುದು ಇದೇ, ಮಂಡ್ಯದ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟ ಸಂಗತಿಯೇ ಅದು: ಭಾನುವಾರ ಸಂಜೆ ಏನಾದರೂ ಆದರೂ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬಹುದು.

63 ಹಲ್ಲಿನದು ಅಂಗಡಿಯಲ್ಲಿ ಸಿಗಲಿಲ್ಲ, ತಗಡಿನಿಂದ ಕತ್ತರಿಸಿಯೇ ಮಾಡಿಸಬೇಕಾಯಿತು. ಇಲ್ಲಿ ನನ್ನಿಂದ ಆದ ತಪ್ಪು ನಿಮ್ಮಿಂದ ಆಗದಿರಲಿ. 8 ಮಿ.ಮೀ. ದಪ್ಪದ ತಗಡಿನಲ್ಲಿ ಲೇಸರ್ ಕಟಿಂಗ್ ಮಾಡಿಸಿ ತಂದೆ. ಚೈನನ್ನು ಮೇಲಿಟ್ಟರೆ ಕೂರುತ್ತಲೇ ಇಲ್ಲ. 428 ಚೈನಿನ ಒಳ ಅಗಲವೇ 7.94 ಮಿ.ಮೀ. ಹಲ್ಲಿನ ಜಾಗವನ್ನು ಲೇತ್ ಮೇಲೆ 7.2ಕ್ಕೆ ಇಳಿಸಿ, ಎರಡೂ ಬದಿಯ ಅಂಚನ್ನು ಇಳಿಜಾರು ಹೊಡೆದ ಮೇಲೆ ಹಲ್ಲುಗಳ ಮೇಲೆ ತಾನಾಗಿ ಇಳಿಯಿತು. ಇನ್ನೊಂದು ತಪ್ಪು ಉಕ್ಕಿನದು. ಮೊದಲ ಸಲ ಮುಂದಿನ ಸ್ಪ್ರಾಕೆಟ್ಟಿಗೆ ಸಾಮಾನ್ಯ ಮೈಲ್ಡ್ ಸ್ಟೀಲ್ ಬಳಸಿದೆ. ನಾಲ್ಕೇ ತಿಂಗಳಿಗೆ ಹಲ್ಲುಗಳು ಗಿಳಿಯ ಕೊಕ್ಕಿನಂತೆ ಬಾಗಿದವು. ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ, ಮೆತ್ತನೆಯ ಹಲ್ಲು ಅದನ್ನು ತಡೆಯುವುದಿಲ್ಲ. ಎರಡನೆಯದನ್ನು ಇಎನ್8 ಎಂಬ ಗಟ್ಟಿ ಉಕ್ಕಿನಲ್ಲಿ ಮಾಡಿ, ಹಲ್ಲುಗಳನ್ನು ಇಂಡಕ್ಷನ್ ಹಾರ್ಡನಿಂಗ್ (ಕಾಸಿ ಮೇಲ್ಮೈ ಗಟ್ಟಿಗೊಳಿಸುವುದು) ಮಾಡಿಸಿದೆ. ಅದು ಇಂದಿಗೂ ಓಡುತ್ತಿದೆ. ಒಳಗಿನ ಸ್ಪ್ಲೈನ್ (ಶಾಫ್ಟನ್ನು ಹಿಡಿಯುವ ಒಳಹಲ್ಲು) ಮೋಟಾರು ಶಾಫ್ಟಿಗೆ ಅಲುಗಾಡದಂತೆ ಹೊಂದಬೇಕು. ಹಳೆಯ ಪುಲ್ಲಿಯನ್ನೇ ಅಳತೆಗೆ ಕೊಟ್ಟು ವೈರ್ ಕಟ್ (ಕರೆಂಟು ಹರಿಯುವ ತಂತಿಯಿಂದ ಕತ್ತರಿಸುವುದು) ಮಾಡಿಸಿ.

ಮೋಟಾರಿನ ಬೇರಿಂಗಿನ ಬಗ್ಗೆ ಕೇಳಿದ್ದೀರಿ. 28 ಹಲ್ಲಿನ ನನ್ನ ಪುಲ್ಲಿಯ ವ್ಯಾಸ 71 ಮಿ.ಮೀ., 14 ಹಲ್ಲಿನ ಸ್ಪ್ರಾಕೆಟ್ಟಿನದು 57. ವ್ಯಾಸ ಕಿರಿದಾದ್ದರಿಂದ ಅದೇ ತಿರುಚುಬಲಕ್ಕೆ ಚೈನಿನ ಎಳೆತ ಕಾಲು ಭಾಗದಷ್ಟು ಹೆಚ್ಚುತ್ತದೆ, ನಿಜ. ಆದರೆ ಬೆಲ್ಟ್ ಗಾಡಿ ನಿಂತಿರುವಾಗಲೂ ಬಿಗಿಯಾಗಿ ಬೇರಿಂಗನ್ನು ಎಳೆಯುತ್ತಲೇ ಇರುತ್ತದೆ. ಚೈನಿಗೆ ಆ ಬಿಗಿ ಬೇಕಿಲ್ಲ. ಒಟ್ಟಿನಲ್ಲಿ ಹೆದರುವಂಥದ್ದಲ್ಲ. ಹೆದರಬೇಕಾದದ್ದು ಸ್ಪ್ರಾಕೆಟ್ಟನ್ನು ಪುಲ್ಲಿಗಿಂತ ಹೊರಕ್ಕೆ ತಂದು ಕೂರಿಸುವುದಕ್ಕೆ. ಶಾಫ್ಟಿನ ತುದಿಗೆ ಹೋದಷ್ಟೂ ಬೇರಿಂಗಿಗೆ ಸನ್ನೆಕೋಲಿನ ಹೊರೆ ಬೀಳುತ್ತದೆ.

ಗೆರೆ ಹೊಂದಿಸುವುದಕ್ಕೆ ಮಾತ್ರ ಒಂದು ಪೂರ್ತಿ ದಿನ ಎತ್ತಿಡಿ. ನಾನು ಮೊದಲು ಕಣ್ಣಳತೆಯಲ್ಲಿ ನೋಡಿ ಸರಿಯಾಗಿದೆ ಎಂದುಕೊಂಡೆ. ಎರಡು ವಾರದ ಮೇಲೆ ಚೈನನ್ನು ಕಳಚಿ ಒರೆಸಿದಾಗ ಎಡಬದಿಯ ಒಳಪಟ್ಟಿಗಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದವು, ಬಲಬದಿಯವು ಹೊಸದರಂತೆ ಮಂಕಾಗಿಯೇ ಇದ್ದವು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳಲ್ಲೂ ಒಂದೇ ಮಗ್ಗುಲಿಗೆ ಉಜ್ಜಿದ ಗುರುತು. ಗೋಡೆ ಕಟ್ಟುವ ಮೇಸ್ತ್ರಿಯ ದಾರ ತಂದು ಹಿಂದಿನ ಸ್ಪ್ರಾಕೆಟ್ಟಿನ ಮುಖಕ್ಕೆ ಒತ್ತಿ ಹಿಡಿದು ಮುಂದಕ್ಕೆ ಎಳೆದೆ. ಮುಂದಿನದು 3 ಮಿ.ಮೀ. ಒಳಗಿತ್ತು. ಅಷ್ಟು ಅಂತರಕ್ಕೆ ಹಬ್ಬಿನ (ಚಕ್ರದ ನಡುಭಾಗದ) ಹಿಂದಿನ ಸ್ಪೇಸರನ್ನು, ಅಂದರೆ ಅಂತರ ಕೊಡುವ ಬಳೆಯನ್ನು, ಲೇತ್ ಮೇಲೆ ಸವರಿ ಹಿಂದಿನ ಸ್ಪ್ರಾಕೆಟ್ಟನ್ನೇ ಒಳಕ್ಕೆ ತಂದೆ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳಿನ) ಮೇಲಿನ ಗುರುತುಗಳನ್ನು ನೆಚ್ಚಬೇಡಿ, ಎರಡೂ ಬದಿಯಲ್ಲಿ ಸ್ವಿಂಗ್‌ಆರ್ಮಿನ ಪಿವಟ್ಟಿನಿಂದ (ಅದು ತಿರುಗುವ ಕೀಲಿನಿಂದ) ಆಕ್ಸಲ್‌ವರೆಗಿನ ದೂರವನ್ನು ಅಳೆದು ನೋಡಿ.

ಮುಂದಿನದು ಹಬ್ಬಿನೊಳಗಿನ ರಬ್ಬರು. ಪೆಟ್ರೋಲ್ ಬೈಕಿನಲ್ಲಿ ಹಿಂದಿನ ಡ್ರಮ್ಮಿಗೂ ಸ್ಪ್ರಾಕೆಟ್ಟಿಗೂ ನಡುವೆ ರಬ್ಬರ್ ತುಂಡುಗಳಿರುತ್ತವೆ, ಎಳೆತದ ಹೊಡೆತವನ್ನು ಅವು ನುಂಗುತ್ತವೆ. ನನ್ನ ಗಾಡಿಯಲ್ಲಿ ಪುಲ್ಲಿಯನ್ನು ನೇರವಾಗಿ ಹಬ್ಬಿಗೇ ಬೋಲ್ಟ್ ಮಾಡಿದ್ದರು, ಆ ಕೆಲಸವನ್ನು ಬೆಲ್ಟೇ ಮಾಡಲಿ ಎಂದು. ಚೈನ್ ಹಾಕಿದ ಮೇಲೆ ತೊಂದರೆ ಕಾಣಿಸಿತು. ಎಕ್ಸಲರೇಟರ್ ಬಿಟ್ಟರೆ ಮೋಟಾರು ಜನರೇಟರಿನಂತೆ ಕೆಲಸ ಮಾಡಿ ಗಾಡಿಯನ್ನು ಹಿಡಿಯುತ್ತದೆ, ಆಗ ಚೈನಿನ ಕೆಳಗಿನ ಭಾಗ ಬಿಗಿಯುತ್ತದೆ. ಮತ್ತೆ ತಿರುಗಿಸಿದರೆ ಮೇಲಿನದು ಬಿಗಿಯುತ್ತದೆ. ಪ್ರತಿ ಸಲವೂ ಧಡಕ್ ಎಂಬ ಏಟು. ಒಂದು ತಿಂಗಳಲ್ಲಿ ಸ್ಪ್ರಾಕೆಟ್ಟಿನ ಎರಡು ಬೋಲ್ಟು ಸಡಿಲವಾದವು. ಕೊನೆಗೆ ರಬ್ಬರ್ ಇರುವ ಪೆಟ್ರೋಲ್ ಬೈಕಿನ ಹಬ್ಬಿಗೆ ಚಕ್ರವನ್ನೇ ಹೊಂದಿಸಿದೆ. ನಿಮ್ಮ ಹಬ್ಬಿನಲ್ಲಿ ರಬ್ಬರ್ ಇದೆಯೇ ಎಂಬುದನ್ನು ಹಣ ಖರ್ಚು ಮಾಡುವ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ, ಅದಕ್ಕೊಂದು ದಾರಿ ಸಿಗುವವರೆಗೆ ಚೈನ್ ಬೇಡ.

ಕೊಂಡಿಗಳ ಲೆಕ್ಕವನ್ನೂ ಮೊದಲೇ ಹಾಕಿ. ನನ್ನ ಗಾಡಿಯಲ್ಲಿ ಶಾಫ್ಟಿನಿಂದ ಆಕ್ಸಲಿಗೆ 560 ಮಿ.ಮೀ.; ಲೆಕ್ಕಕ್ಕೆ 128 ಕೊಂಡಿ ಬಂತು. ಕೂದಲೆಳೆಯಷ್ಟೂ ಸಡಿಲವಿಲ್ಲ. ಸಮಸಂಖ್ಯೆಯಲ್ಲೇ ಇರಬೇಕಾದ್ದರಿಂದ 130 ಹಾಕಿ ಆಕ್ಸಲನ್ನು ಸುಮಾರು 12 ಮಿ.ಮೀ. ಹಿಂದಕ್ಕೆ ಎಳೆಯಬೇಕಾಯಿತು. ಹಿಂದಕ್ಕೆ ಅಷ್ಟು ಜಾಗ ಇಲ್ಲದಿದ್ದರೆ ಹಿಂದಿನ ಹಲ್ಲುಗಳಲ್ಲಿ ಒಂದೆರಡು ಹೆಚ್ಚುಕಡಿಮೆ ಮಾಡಿ; ಅನುಪಾತ ಶೇ 2-3ರಷ್ಟು ಮಾತ್ರ ಬದಲಾಗುತ್ತದೆ, ಅಷ್ಟನ್ನು ಸಹಿಸಬಹುದು. ಬೆಸಸಂಖ್ಯೆಗೆ ಬೇಕಾಗುವ ಅರ್ಧ ಕೊಂಡಿಯ ದಾರಿಗೆ ಹೋಗಬೇಡಿ, ಚೈನ್ ಸೋಲುವುದು ಅಲ್ಲೇ. ಚೈನಿನ ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ. ಸಡಿಲವನ್ನು ಅಳೆಯುವಾಗ ಯಾರನ್ನಾದರೂ ಸೀಟಿನ ಮೇಲೆ ಕೂರಿಸಿ. ಶಾಫ್ಟು, ಪಿವಟ್, ಆಕ್ಸಲ್ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ, ಆಗಲೂ ಅದಕ್ಕೆ ಉಸಿರಾಡಲು ಜಾಗವಿರಬೇಕು.

ಹಳೆಯ ಬೈಕುಗಳಲ್ಲಿದ್ದಂಥ ಪೂರ್ತಿ ಮುಚ್ಚುವ ಚೈನ್ ಕವರ್ ಹಾಕಿಸಿ. ನೋಡಲು ಚೆಂದವಿಲ್ಲ ಎಂದು ನನ್ನ ತಮ್ಮ ಬೇಡವೆಂದ. ಆದರೆ ನಮ್ಮ ಮಣ್ಣಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಹಿಂದೆ ಕೂರುವವರ ಸೀರೆ, ದುಪಟ್ಟಾ ಸಿಕ್ಕಿಕೊಳ್ಳದಂತೆಯೂ ಅದೇ ಕಾಯುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ ಡೀಸೆಲಿನಲ್ಲಿ ಒರೆಸಿ, ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಮಳೆಯಲ್ಲಿ ನೆನೆದರೆ ಅದೇ ರಾತ್ರಿ. ಒಣಗಿದ, ತುಕ್ಕು ಹಿಡಿದ ಚೈನಿನಿಂದ ಚಾರ್ಜು ಪೋಲಾಗುತ್ತದೆ. ಶುಚಿಯಾಗಿದ್ದರೆ ಬೆಲ್ಟಿಗೆ ಸಮವಾಗಿಯೇ ಓಡುತ್ತದೆ. ಸದ್ದು ಮಾತ್ರ ಬರುತ್ತದೆ, ಸಣ್ಣದೊಂದು ಸರಸರ.

ಹೀಗೆ ಒರೆಸುವ ಮೊದಲು ಪ್ರತಿ ಸಲ, ಒಂದು ಸಲವೂ ಬಿಡದೆ, ಸೀಟಿನ ಕೆಳಗಿನ ಎಂಸಿಬಿ (ಬ್ಯಾಟರಿಯ ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಎಲೆಕ್ಟ್ರಿಕ್ ಗಾಡಿ ಚಾಲೂ ಇದೆಯೋ ಇಲ್ಲವೋ ಕಿವಿಗೆ ತಿಳಿಯುವುದಿಲ್ಲ. ಮಗು ಬಂದು ಹ್ಯಾಂಡಲ್ ಮುಟ್ಟಿದರೂ ಸಾಕು, ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಚೈನನ್ನು ತಿರುಗಿಸುವುದು ಕೈಯಿಂದ ಚಕ್ರ ತಿರುಗಿಸಿಯೇ, ಮೋಟಾರಿನಿಂದ ಅಲ್ಲ.

ವಾರಂಟಿ ಉಳಿದಿದ್ದರೆ ಅದು ಮುಗಿಯುವವರೆಗೆ ಕಾಯಿರಿ. ಕಂಪನಿಯವರು ಇಂಥ ಬದಲಾವಣೆಯನ್ನು ಒಪ್ಪುವುದಿಲ್ಲ. ವಿಮೆಯವರಿಗೂ ತಿಳಿಸಿ. ಹಳೆಯ ಪುಲ್ಲಿಗಳನ್ನು, ಬೋಲ್ಟುಗಳನ್ನು ಗ್ರೀಸ್ ಹಚ್ಚಿ ಜೋಪಾನ ಮಾಡಿ, ಗಾಡಿ ಮಾರುವ ದಿನ ಬೇಕಾಗುತ್ತವೆ. ನನಗೆ ಹಬ್ಬೂ ಸೇರಿ ಸುಮಾರು 9,000 ರೂಪಾಯಿ ಆಯಿತು, ಲೇತ್ ಕೆಲಸ ನನ್ನದೇ.

ತುಂಡಾದ ಬೆಲ್ಟನ್ನು ಎಸೆದಿಲ್ಲವಾದರೆ ಅದರ ಎರಡೂ ತುದಿ, ಬೆನ್ನು, ಅಂಚು ಕಾಣುವಂತೆ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಇಲ್ಲಿ ಹಾಕಿ. ಹಿಂದಿನ ಚಕ್ರ ಬಿಚ್ಚಿ ಹಬ್ಬಿನ ಒಳಭಾಗದ್ದೂ ಒಂದು ಇರಲಿ. ಅವೆರಡನ್ನು ನೋಡಿದ ಮೇಲೆ ನಿಮ್ಮ ಗಾಡಿಗೆ ಚೈನ್ ಬೇಕೋ, ಸರಿಯಾಗಿ ಕೂರಿಸಿದ ಇನ್ನೊಂದು ಬೆಲ್ಟ್ ಸಾಕೋ ಹೇಳುತ್ತೇನೆ.