ಮರದ ಬುಡದಲ್ಲಿ ಕಟ್ಟಿಹೋದ ಕಾಲು

ತೀರ್ಥಹಳ್ಳಿ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಮೀಸೆ ಮೂಡುವ ಮೊದಲೇ ಅಡಿಕೆ ಮರ ಹತ್ತಲು ಕಲಿತವರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರಾದ್ದರಿಂದ ಇಲ್ಲಿ ಅವರನ್ನು ಕೊನೆಗಾರರು ಎಂದೇ ಕರೆಯುತ್ತೇನೆ.

ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಕಾಲು ಜಾರಿತು. ಮರವನ್ನು ತಬ್ಬಿಕೊಂಡೇ ಕೆಳಗೆ ಬಂದರು. ಎದೆ, ಮೊಣಕೈ ತರಚಿತು, ಅಷ್ಟೇ. ಆದರೆ ಮತ್ತೆ ಕೆಲಸಕ್ಕೆ ಹೋದಾಗ ಮರದ ಬುಡದಲ್ಲೇ ಕಾಲು ಕಟ್ಟಿಹೋಯಿತು. ಅಂಗೈ ಬೆವರಿತು, ಬಾಯಿ ಒಣಗಿತು, ಎದೆ ಡವಡವ. ಹಾರ್ಟ್ ತೊಂದರೆ ಇರಬೇಕು ಎಂದು ಶಿವಮೊಗ್ಗಕ್ಕೆ ಬಂದು ಇಸಿಜಿ ಮಾಡಿಸಿದರು. ಎಲ್ಲ ಸರಿ ಇತ್ತು. ಮನೆಯವರು ಚೌಡಿಗೆ ಹರಕೆ ಹೇಳಿಕೊಂಡರು. ನಾನು ಅದಕ್ಕೆ ಬೇಡ ಅನ್ನಲಿಲ್ಲ. ಈ ಭಯಕ್ಕೆ ಸಲಹೆ ಕೇಳಲು ನನ್ನ ಹತ್ತಿರ ಬರುವ ಹೊತ್ತಿಗೆ ಜಾರಿದ್ದಕ್ಕಿಂತ ಒಂದು ಮಾತು ಅವರನ್ನು ಜಾಸ್ತಿ ಕೊರೆಯುತ್ತಿತ್ತು. ತೋಟದಲ್ಲಿ ಯಾರೋ ತಮಾಷೆಗೆ, 'ಏನಣ್ಣ, ಪುಕ್ಕಲ ಆಗ್ಬಿಟ್ಯಲ್ಲ' ಅಂದಿದ್ದರಂತೆ.

"ಮೇಡಂ, ತಲೆಗೆ ಗೊತ್ತು ಬೀಳಲ್ಲ ಅಂತ. ಕಾಲು ಕೇಳಲ್ಲ."

ಪಾಠ ಹೇಳುವವರಿಗಿಂತ ಚೆನ್ನಾಗಿ ಹೇಳಿದರು. ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಆಕಾರದ ಪುಟ್ಟ ಭಾಗಗಳಿವೆ. ಅಮಿಗ್ಡಲ ಅನ್ನುತ್ತಾರೆ. ಹಣೆಯ ಹಿಂದಿನ ಭಾಗ 'ಇವತ್ತು ಮಳೆ ಇಲ್ಲ, ಮರದಲ್ಲಿ ಪಾಚಿ ಇಲ್ಲ' ಎಂದು ಲೆಕ್ಕ ಹಾಕುವಷ್ಟರಲ್ಲಿ ಇದು ಅಪಾಯದ ಸುದ್ದಿ ಕಳಿಸಿ ಆಗಿರುತ್ತದೆ. ಮೂತ್ರಪಿಂಡಗಳ ಮೇಲಿನ ಗ್ರಂಥಿಗಳಿಂದ ಅಡ್ರಿನಲಿನ್ ಹೊರಡುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡುವುದು, ಎದುರಿಸುವುದು ಎರಡೇ ಅಲ್ಲ, ನಿಂತಲ್ಲೇ ಮರಗಟ್ಟುವುದೂ ಇದರದ್ದೇ ಆಟ. ಪ್ರಯೋಗಾಲಯದಲ್ಲಿ ಹುಟ್ಟಿ ಬೆಕ್ಕನ್ನೇ ನೋಡದ ಇಲಿಗೂ ಬೆಕ್ಕಿನ ವಾಸನೆ ತೋರಿಸಿದರೆ ಅಲ್ಲಾಡದೆ ಕೂರುತ್ತದೆ, ಇಲ್ಲವೇ ಮೂಲೆ ಸೇರುತ್ತದೆ. ಅದನ್ನು ಯಾರೂ ಪುಕ್ಕಲ ಅನ್ನಲ್ಲ, ಅಲ್ವಾ? ಇದನ್ನು ಹೇಳಿದಾಗ ಕೊನೆಗಾರರು ಮೊದಲ ಸಲ ನಕ್ಕರು.

ಇಷ್ಟು ಗೊತ್ತಾದರೆ ಭಯ ಹೋಗುತ್ತದಾ? ಹೋಗಲ್ಲ. ಅವರ ತೊಂದರೆ ಬೆಳೆದದ್ದು ಜಾರಿದ ದಿನ ಅಲ್ಲ, ಆಮೇಲೆ. ಬುಡದಿಂದ ವಾಪಸ್ ಬಂದ ಪ್ರತಿ ಸಲವೂ ಎದೆ ಹಗುರಾಗುತ್ತಿತ್ತು. ಆ ಹಗುರವೇ ಮಿದುಳಿಗೆ ಬಹುಮಾನ. 'ವಾಪಸ್ ಬಂದೆ, ಬದುಕಿದೆ' ಎಂದು ಅದು ಕಲಿಯುತ್ತದೆ, ಮುಂದಿನ ಸಲ ಇನ್ನೂ ಮೊದಲೇ ತಡೆಯುತ್ತದೆ. ಹೆಂಡತಿ ಪ್ರೀತಿಯಿಂದಲೇ 'ಇವತ್ತು ಹೋಗ್ಬೇಡಿ ಬಿಡಿ' ಅನ್ನುತ್ತಿದ್ದರು. ಕೊನೆಗೆ ತೋಟದ ದಣಪೆ (ಬೇಲಿಯ ಬಾಗಿಲು) ದಾಟಿದರೂ ಬೆವರು. ಮಧ್ಯೆ ಧೈರ್ಯಕ್ಕೆ ಅಂತ ಒಂದು ಕ್ವಾರ್ಟರ್ ಶುರುವಾಗಿತ್ತು. ಕುಡಿದು ಮರ ಹತ್ತುವುದು ಏನು ಅಂತ ಹೇಳಬೇಕಿಲ್ಲ. ಅದಿರಲಿ, ಮರ ಈಗ ಅಪಾಯವಲ್ಲ ಅನ್ನುವ ಹೊಸ ಪಾಠ ನಶೆಯಲ್ಲಿ ಸರಿಯಾಗಿ ನಾಟುವುದೂ ಇಲ್ಲ. ಮೊದಲು ಅದನ್ನು ನಿಲ್ಲಿಸಲು ಹೇಳಿದೆ.

ಬುಡದಲ್ಲಿ ಸುಮ್ನೆ ನಿಲ್ಲುವುದು ಮೊದಲ ಕೆಲಸ. ಎದೆ ಹೊಡೆದುಕೊಳ್ಳಲಿ, ತಾನಾಗಿ ಇಳಿಯುವ ತನಕ ಜಾಗ ಬಿಡಬಾರದು. ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಹೊರಬಿಡುವಾಗ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ಇಳಿಯುತ್ತದೆ. ಆಮೇಲೆ ಆಳೆತ್ತರ, ಸೊಂಟಕ್ಕೆ ಬೆಲ್ಟು ಕಟ್ಟಿ, ಕೆಳಗೆ ತಮ್ಮನನ್ನು ನಿಲ್ಲಿಸಿಕೊಂಡು. ಭಯ ಇಳಿದ ಮೇಲೇ ಮರ ಇಳಿಯಬೇಕು, ಭಯ ಇದ್ದಾಗ ಅಲ್ಲ. ಅವರಿಗೆ ಕಷ್ಟವಾದದ್ದು ಇದೇ. ಎದೆಬಡಿತ ಅಂದರೆ ಅಪಾಯ ಎಂದೇ ಅವರ ಲೆಕ್ಕ. ಅದಕ್ಕೆ ಗೊಬ್ಬರದ ಬುಟ್ಟಿ ಹೊತ್ತು ಗುಡ್ಡ ಹತ್ತಿಸಿದೆ. ಅದೇ ಬೆವರು, ಅದೇ ಡವಡವ. ಏನೂ ಆಗಲಿಲ್ಲ.

ಒಂದು ವಿಷಯ ಮುಂಚೆಯೇ ಹೇಳಿಟ್ಟಿದ್ದೆ, ಭಯ ವಾಪಸ್ ಬರುತ್ತದೆ ಎಂದು. ಗಂಟೆ ಕೇಳಿದರೆ ಊಟ ಎಂದು ಕಲಿತ ನಾಯಿಗೆ ಗಂಟೆ ಬಾರಿಸಿ ಊಟ ಕೊಡದೇ ಇದ್ದರೆ, ಅದು ಜೊಲ್ಲು ಸುರಿಸುವುದನ್ನು ಬಿಡುತ್ತದೆ. ಆದರೆ ಸ್ವಲ್ಪ ಬಿಡುವು ಕೊಟ್ಟು ಬಾರಿಸಿದರೆ ಮತ್ತೆ ಜೊಲ್ಲು. ಇಂಥದ್ದನ್ನು ರಷ್ಯಾದ ವಿಜ್ಞಾನಿ ಪಾವ್ಲೊವ್ ನೂರು ವರ್ಷದ ಹಿಂದೆಯೇ ಕಂಡಿದ್ದರು. ಹಳೇ ಕಲಿಕೆ ಅಳಿಯುವುದಿಲ್ಲ, ಅದರ ಮೇಲೆ ಹೊಸದು ಕೂರುತ್ತದೆ. ದೀಪಾವಳಿ ರಜೆ ಮುಗಿಸಿ ತೋಟಕ್ಕೆ ಹೋದಾಗ ಕಾಲು ಮತ್ತೆ ಕಟ್ಟಿತು. ಫೋನ್ ಮಾಡಿ, 'ನೀವು ಹೇಳಿದ ನಾಯಿ ಬಂತು ಮೇಡಂ' ಅಂದರು. ಅಲ್ಲೇ ನಿಂತರು, ಆಮೇಲೆ ಹತ್ತಿದರು.

ಅವರ ಮಗನ ಬಗ್ಗೆಯೂ ಮಾತಾಡಿದೆವು. ಪೇರಲೆ ಮರ ಹತ್ತುತ್ತಿದ್ದ ಹುಡುಗ ಈಗ ಹತ್ತಲ್ಲ ಅನ್ನುತ್ತಿದ್ದ. 1980ರ ದಶಕದಲ್ಲಿ ಮನೋವಿಜ್ಞಾನಿ ಸುಸಾನ್ ಮಿನೆಕಾ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆದ ಮಂಗಗಳನ್ನು ಗಮನಿಸಿದ್ದರು. ಹಾವಿಗೆ ಹೆದರದ ಅವು, ಇನ್ನೊಂದು ಮಂಗ ಹೆದರುವುದನ್ನು ನೋಡಿಯೇ ಹೆದರಲು ಕಲಿತವು. ಹುಡುಗನಿಗೆ ಬುದ್ಧಿ ಹೇಳಬೇಡಿ, ನೀವು ಬುಡದಲ್ಲಿ ನಿಂತು ಉಸಿರು ಬಿಡುವಾಗ ಜೊತೆಗೆ ಕರೆದುಕೊಂಡು ಹೋಗಿ ಅಂದೆ.

ಇಂಥ ಅನುಭವದ ಮೇಲೆ ನಿದ್ದೆಯೇ ಬಾರದಿದ್ದರೆ, ಬಿದ್ದದ್ದೇ ಕನಸಾಗಿ ಕಾಡಿದರೆ, ಬದುಕು ಬೇಡ ಅನ್ನಿಸಿದರೆ ಮನೋವೈದ್ಯರನ್ನು ಕಾಣಲೇಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕೊನೆಗಾರರು ಈ ಸಲದ ಕೊಯ್ಲು ಮುಗಿಸಿದ್ದಾರೆ. ಆಮೇಲೆ ನನ್ನ ಹತ್ತಿರ ಬಂದಾಗ, ನೆಲದಲ್ಲಿ ನಿಂತೇ ಕೆಲಸ ಮಾಡುವ ಉದ್ದನೆಯ ಕೋಲು, ಫೈಬರ್ ದೋಟಿ ಕಲಿಯುತ್ತಿದ್ದೇನೆ ಅಂದರು. ಯಾಕೆ ಎಂದು ಕೇಳಿದೆ. "ಹತ್ತಕ್ಕೆ ಆಗುತ್ತೆ ಅಂತ ಗೊತ್ತಾಯ್ತಲ್ಲ. ಇನ್ನು ಮಳೇಲಿ ಹತ್ತಲ್ಲ. ಔಷಧಿ ಕೆಳಗಿಂದಲೇ ಹೊಡಿತೀನಿ."