ಓದುಗರ ಪ್ರಶ್ನೆ: ಮುಚ್ಚಿಟ್ಟ ಅಜ್ಜಿಯ ಮೂಲ

ಪ್ರಶ್ನೆ: ನಾಜಿ ಜರ್ಮನಿಯಲ್ಲಿ ಒಬ್ಬ ಹುಡುಗನ ಅಜ್ಜಿ ಯಹೂದಿ, ಆದರೆ ಮದುವೆಗೆ ಮುಂಚೆ ಕ್ರೈಸ್ತಳಾದವಳು ಎಂದಿಟ್ಟುಕೊಳ್ಳಿ. ಮನೆಯವರು ಬಾಯಿ ಬಿಡದಿದ್ದರೆ ವಿಷಯ ಹೊರಬೀಳುತ್ತಿತ್ತೇ?

ಉತ್ತರ: ಮನೆಯವರು ಸುಮ್ಮನಿದ್ದರೂ ಕಾಗದಪತ್ರ ಸುಮ್ಮನಿರುತ್ತಿರಲಿಲ್ಲ. 1933ರ ಏಪ್ರಿಲ್‌ನಿಂದ ಸರ್ಕಾರಿ ನೌಕರಿಗೆ ಯಹೂದಿ ಮೂಲದವರಲ್ಲ ಎಂಬ ವಂಶದ ಪುರಾವೆ ಬೇಕಾಯಿತು. ಬರಬರುತ್ತಾ ಬೇರೆ ಕಡೆಯೂ ಕೇಳತೊಡಗಿದರು. ಸಾಮಾನ್ಯವಾಗಿ ಏಳು ಜನನ ಅಥವಾ ದೀಕ್ಷಾಸ್ನಾನದ ಪತ್ರಗಳು (ತನ್ನದು, ತಂದೆತಾಯಿಯದು, ನಾಲ್ವರು ಅಜ್ಜ-ಅಜ್ಜಿಯರದು), ಮೂರು ಮದುವೆ ಪತ್ರಗಳು. ನಾಜಿ ಪಕ್ಷದ ಅರೆಸೇನಾ ಪಡೆಯಾದ ಎಸ್‌ಎಸ್‌ನಲ್ಲಿ ಅಧಿಕಾರಿಯಾಗಲು 1750ರವರೆಗಿನ ವಂಶಾವಳಿ ತೋರಿಸಬೇಕಿತ್ತು.

ಜರ್ಮನಿಯಾದ್ಯಂತ ಸರ್ಕಾರಿ ಜನನ ನೋಂದಣಿ ಬಂದದ್ದು 1876ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದವರಿಗೆ ಚರ್ಚಿನ ದಫ್ತರವೇ ಗತಿ. ಸಿಕ್ಕಿಬೀಳುತ್ತಿದ್ದುದೂ ಅಲ್ಲೇ: ಕ್ರೈಸ್ತರು ಸಾಮಾನ್ಯವಾಗಿ ಶಿಶುವಿಗೇ ದೀಕ್ಷಾಸ್ನಾನ ಮಾಡಿಸುತ್ತಿದ್ದರಿಂದ, ಹುಟ್ಟಿದ ದಿನಕ್ಕೂ ದೀಕ್ಷಾಸ್ನಾನದ ದಿನಕ್ಕೂ ಇಪ್ಪತ್ತು ವರ್ಷ ಅಂತರವಿದ್ದರೆ ಗುಮಾಸ್ತನ ಕಣ್ಣು ತಪ್ಪುವುದು ಕಷ್ಟ.

1935ರ ನವೆಂಬರ್ 14ರ ನಿಯಮದಂತೆ ಯಹೂದಿ ಧಾರ್ಮಿಕ ಸಮುದಾಯಕ್ಕೆ ಸೇರಿದ್ದ ಅಜ್ಜ-ಅಜ್ಜಿಯರು 'ಪೂರ್ಣ ಯಹೂದಿ'ಗಳೇ. ರಕ್ತದ ಮಾತಾಡುತ್ತಿದ್ದವರು ಕೊನೆಗೆ ಅಳೆದದ್ದು ಧರ್ಮದ ದಾಖಲೆಯನ್ನು! ನೀವು ಹೇಳಿದ ಹುಡುಗನಿಗೆ ಅಂಥವರು ಒಬ್ಬರೇ ಆದ್ದರಿಂದ ಅವನು 'ಎರಡನೇ ದರ್ಜೆಯ ಮಿಶ್ರ': ಸರ್ಕಾರಿ ಹುದ್ದೆ ಮುಚ್ಚಿದ ಬಾಗಿಲು, ಆದರೆ ಸೇನೆಗೆ ಸೇರಬಹುದು.

ಅಂಥವರು ಇಬ್ಬರಿದ್ದರೆ ಪೆಟ್ಟು ಜೋರು. 'ಮೊದಲ ದರ್ಜೆ'ಯವರನ್ನು 1940ರ ಏಪ್ರಿಲ್‌ನಲ್ಲಿ ಸೇನೆಯಿಂದ ಕೈಬಿಡಲು ಆದೇಶವಾಯಿತು, 1942ರಲ್ಲಿ ಪ್ರೌಢಶಾಲೆಯೂ ತಪ್ಪಿತು. ಇಬ್ಬರಿದ್ದು, ತಾನೂ ಯಹೂದಿ ಸಮುದಾಯದ ಸದಸ್ಯನಾಗಿದ್ದರೆ ಅವನನ್ನು ಯಹೂದಿಯೆಂದೇ ಎಣಿಸಿ, 1941ರ ಸೆಪ್ಟೆಂಬರ್‌ನಿಂದ ಯಹೂದಿ ಎಂಬ ಗುರುತಿನ ಹಳದಿ ನಕ್ಷತ್ರವನ್ನು ಬಟ್ಟೆಗೆ ಹೊಲಿಸಿಕೊಳ್ಳುವಂತೆ ಮಾಡಿದರು.