ವಾಹನ ಪ್ರಶ್ನೋತ್ತರ: ಹಳೆ ಕಾರಿಗೆ ನುಣುಪು ಮೈ

ಪ್ರಶ್ನೆ: ಮನೆಯಲ್ಲಿ 1988ರ ಅಂಬಾಸಿಡರ್ ಇದೆ. ಬಾನೆಟ್ಟಿನ ಲಾಂಛನ, ಡಿಕ್ಕಿಯ ಅಕ್ಷರಗಳು, ಬದಿಯ ಕ್ರೋಮ್ ಪಟ್ಟಿ ಎಲ್ಲವನ್ನೂ ತೆಗೆಸಿ ಮೈ ನುಣ್ಣಗೆ ಮಾಡಿಸುವ ಆಸೆ. ತೂತುಗಳಿಗೆ ಹಿಂದಿನಿಂದ ಜಾಲರಿ ಇಟ್ಟು ಪುಟ್ಟಿ ತುಂಬಿದರೆ ಸಾಕು ಎನ್ನುತ್ತಾರೆ. ಸಾಕೇ?
– ಕೊಡಿಬಾಗ, ಕಾರವಾರ

ಉತ್ತರ: ಸಾಲದು. ಪುಟ್ಟಿ ಇರುವುದು ತಗ್ಗು ತುಂಬಲು, ತೂತು ಮುಚ್ಚಲು ಅಲ್ಲ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ಮುಂದೆ ಬಣ್ಣ ಕಾಯುತ್ತದೆ, ಹಿಂಬದಿಯನ್ನು ಕಾಯುವವರು ಯಾರೂ ಇಲ್ಲ. ಬಾಗಿಲಿನ ಗಾಜು ಇಳಿಯುವ ಸಂದಿನಿಂದ ಪ್ರತಿ ಮಳೆಗೂ ನೀರು ಒಳಗೆ ಹೋಗುತ್ತದೆ, ಕಾರವಾರದಲ್ಲಿ ಅದರ ಜೊತೆ ಉಪ್ಪುಗಾಳಿಯೂ ಹೋಗುತ್ತದೆ. ಜಾಲರಿ ತುಕ್ಕು ಹಿಡಿದು ಉಬ್ಬುತ್ತದೆ, ಒಂದೆರಡು ಮಳೆಗಾಲದಲ್ಲಿ ತೂತಿನ ಗುರುತು ಉಂಗುರದಂತೆ ಬಣ್ಣದ ಮೇಲೆ ಮೂಡುತ್ತದೆ.

ತೂತನ್ನು ಕಬ್ಬಿಣದಿಂದಲೇ ಮುಚ್ಚಿಸಿ. ತೆಳು ತಂತಿಯನ್ನು ತಾನೇ ಊಡಿಸಿ ಬೆಸೆಯುವ, ನಮ್ಮ ಕಡೆ ಸಿಓಟು ವೆಲ್ಡಿಂಗ್ ಎನ್ನುವ ಮಿಗ್ ಯಂತ್ರ, 0.6 ಮಿ.ಮೀ. ತಂತಿ ಬೇಕು. ಮೈ ತಗಡು ಒಂದು ಮಿ.ಮೀ. ಆಸುಪಾಸು ದಪ್ಪ, ಕಡ್ಡಿ ವೆಲ್ಡಿಂಗ್ ತಾಗಿಸಿದರೆ ತೂತು ದೊಡ್ಡದೇ ಆಗುತ್ತದೆ. ಗ್ಯಾಸ್ ವೆಲ್ಡಿಂಗಿನ ಬಿಸಿ ಸುತ್ತ ಹರಡುತ್ತದೆ. ಬಾನೆಟ್ಟಿನಂಥ ಅಗಲ ತಗಡು ಆಮೇಲೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಎಂದು ಎಣ್ಣೆ ಡಬ್ಬದ ಹಾಗೆ ಟಕ್ ಟಕ್ ಎನ್ನುತ್ತದೆ. ಅದನ್ನು ಸರಿಮಾಡುವ ಕೈ ಎಲ್ಲರಿಗೂ ಇರುವುದಿಲ್ಲ.

ಆರಂಭಕ್ಕೆ ಮುನ್ನ ಬ್ಯಾಟರಿ ಕಳಚಬೇಕು. ಡಿಕ್ಕಿಯ ಕೆಲಸವಿದ್ದರೆ ಪೆಟ್ರೋಲ್ ಟ್ಯಾಂಕ್ ಇಳಿಸಲೇಬೇಕು, ಬಾಗಿಲಿನ ಒಳಗಿನ ಪ್ಯಾಡ್ ತೆಗೆಯಬೇಕು. ತೂತಿನ ಸುತ್ತ 25 ಮಿ.ಮೀ. ಅಗಲ, ಎರಡೂ ಬದಿ, ತಗಡು ಹೊಳೆಯುವವರೆಗೆ ಬಣ್ಣ ಹೆರೆಯಿರಿ. 6 ಮಿ.ಮೀ.ವರೆಗಿನ ತೂತಿಗೆ ಹಿಂದಿನಿಂದ ದಪ್ಪ ತಾಮ್ರದ ಪಟ್ಟಿ ಒತ್ತಿ ಹಿಡಿಯಬೇಕು. ವೆಲ್ಡ್ ತಾಮ್ರಕ್ಕೆ ಅಂಟುವುದಿಲ್ಲ, ಬಿಸಿಯನ್ನೂ ತಾಮ್ರ ಎಳೆದುಕೊಳ್ಳುತ್ತದೆ. ಅಂಚಿನಿಂದ ಶುರು ಮಾಡಿ ಅರ್ಧ ಸೆಕೆಂಡಿನ ಚುಕ್ಕೆಗಳಾಗಿ ತುಂಬಿಸುತ್ತ ಬನ್ನಿ. ಆಂಟೆನಾದಂಥ ದೊಡ್ಡ ತೂತಿಗೆ ಅದೇ ದಪ್ಪದ ತಗಡಿನ ಬಿಲ್ಲೆ ಕತ್ತರಿಸಿ, ಸುತ್ತ ಒಂದು ಮಿ.ಮೀ.ಗಿಂತ ಕಡಿಮೆ ಸಂದು ಬಿಟ್ಟು ಕೂರಿಸಿ, ಮೊದಲು ಎದುರುಬದುರು ನಾಲ್ಕು ಕಡೆ ಚುಕ್ಕೆ ಹಾಕಬೇಕು. ಬಿಲ್ಲೆ ತೂತಿಗೆ ಸರಿಯಾಗಿ ಕೂರಬೇಕೇ ಹೊರತು ಹಿಂದಿನಿಂದ ತೇಪೆಯಂತೆ ಅಂಟಬಾರದು. ಎರಡು ತಗಡಿನ ನಡುವೆ ಸಿಕ್ಕ ನೀರು ಹೊರಗೆ ಬರುವುದಿಲ್ಲ.

ಬದಿಯ ಪಟ್ಟಿಯ ತೂತುಗಳು ಸಾಲಾಗಿರುತ್ತವೆ. ಒಂದಾದ ಮೇಲೆ ಪಕ್ಕದ್ದಕ್ಕೇ ಹೋಗಬೇಡಿ. ಮುಂಬಾಗಿಲಿನಲ್ಲೊಂದು, ಹಿಂಬಾಗಿಲಿನಲ್ಲೊಂದು, ಆಚೆ ಬದಿಯಲ್ಲೊಂದು, ಹೀಗೆ ಜಾಗ ಬದಲಿಸುತ್ತ, ಕೈ ಇಡುವಷ್ಟು ಆರಿದ ಮೇಲೆ ಮರಳಿ ಬನ್ನಿ. ವೆಲ್ಡ್ ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ವೆಲ್ಡಿನ ಮೇಲೆಯೇ ಹಗುರವಾಗಿ ಬಡಿದರೆ ಎಳೆತ ಸಡಿಲಾಗುತ್ತದೆ. ಗ್ರೈಂಡರ್ ಉಬ್ಬಿಗೆ ಮಾತ್ರ ತಾಗಲಿ. ತಗಡು ನೀಲಿಯಾಯಿತೆಂದರೆ ಬಿಸಿ ಮಿತಿಮೀರಿದೆ ಎಂದರ್ಥ. ಕೊನೆಗೆ ಎರಡೂ ಬದಿಗೆ ಎಪಾಕ್ಸಿ ಪ್ರೈಮರ್, ಹಿಂಬದಿಗೆ ಅದರ ಮೇಲೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಒಳಸಂದುಗಳಿಗೆ ಹೊಡೆಯುವ ತುಕ್ಕು ತಡೆಯುವ ಮೇಣ. ಇಷ್ಟು ಅಚ್ಚುಕಟ್ಟಾದರೆ ಮೇಲೆ ಬೇಕಾಗುವ ಪುಟ್ಟಿ ಒಂದು ಮಿ.ಮೀ. ದಾಟದು.

ಪ್ರಶ್ನೆ: ಬಾಗಿಲಿನ ಹಿಡಿಗಳನ್ನೂ ತೆಗೆಸಿ ರಿಮೋಟಿನಿಂದ ತೆರೆಯುವಂತೆ ಮಾಡಿಸಬಹುದೇ?
– ಕುಮಟಾ

ಉತ್ತರ: ಮಾಡಬಹುದು, ಆದರೆ ನಾವು ಬೇಡವೆನ್ನುತ್ತೇವೆ. ಅಪಘಾತವಾಗಿ ಒಳಗಿದ್ದವರಿಗೆ ಎಚ್ಚರ ತಪ್ಪಿದರೆ ಹೊರಗಿನವರು ಹಿಡಿಯಲು ಏನೂ ಇರುವುದಿಲ್ಲ. ದೇವಿಮನೆ ಘಾಟಿಯ ತಿರುವುಗಳಲ್ಲಿ ಓಡುವ ಕಾರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಕೆಲಸದ ರೀತಿ ಹೀಗಿದೆ: ಬಾಗಿಲಿನೊಳಗೆ 12 ವೋಲ್ಟಿನ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಅಯಸ್ಕಾಂತವಾಗುವ ಸುರುಳಿ) ಲಾಕಿನ ಸರಳನ್ನು ಎಳೆಯುತ್ತದೆ, ಬಾಗಿಲ ಚೌಕಟ್ಟಿನ ಕಂಬದಲ್ಲಿ ಕೂರಿಸಿದ ಸ್ಪ್ರಿಂಗ್ ಗುಂಡಿ ಬಾಗಿಲನ್ನು ಹೊರಗೆ ತಳ್ಳುತ್ತದೆ. ಸೊಲೆನಾಯ್ಡ್ ಒಂದು ಕ್ಷಣಕ್ಕೆ ಬಹಳ ಕರೆಂಟ್ ಎಳೆಯುವುದರಿಂದ ರಿಮೋಟಿನ ತೆಳು ವೈರು ನೇರವಾಗಿ ಅದಕ್ಕೆ ಹೋಗಬಾರದು. ನಡುವೆ 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು), ಬ್ಯಾಟರಿಯ ಹತ್ತಿರ ಫ್ಯೂಸ್, 4 ಚದರ ಮಿ.ಮೀ. ವೈರು ಬೇಕು. ಬಾಗಿಲ ಕೀಲಿನ ಬಳಿ ವೈರನ್ನು ರಬ್ಬರ್ ಕೊಳವೆಯೊಳಗೆ ಹಾಯಿಸದಿದ್ದರೆ ಮಡಚಿ ಮಡಚಿ ತುಂಡಾಗುತ್ತದೆ. ಹಳೆಯ ಲಾಕಿನ ಜಿಡ್ಡು ಗಟ್ಟಿಯಾಗಿದ್ದರೆ ಸೊಲೆನಾಯ್ಡ್ ಎಷ್ಟೇ ಬಲವಾಗಿದ್ದರೂ ಎಳೆಯದು. ಮೊದಲು ಲಾಕ್ ಬಿಚ್ಚಿ ತೊಳೆಯಿರಿ.

ಅಷ್ಟಾದರೂ ಮಾಡಿಸುವಿರಾದರೆ ಮೂರು ವಿಷಯಗಳಲ್ಲಿ ರಾಜಿ ಬೇಡ. ಒಳಗಿನ ಹಿಡಿಗಳು ಮೊದಲಿನಂತೆ ಸರಳಿನಿಂದಲೇ ಕೆಲಸ ಮಾಡಬೇಕು. ಚಾಲಕನ ಬಾಗಿಲಿನ ಲಾಕಿನಿಂದ ಒಂದು ಬೌಡನ್ ಕೇಬಲ್ (ಸೈಕಲ್ ಬ್ರೇಕಿನಂಥ ಕೊಳವೆಯೊಳಗಿನ ತಂತಿ) ಕಾರಿನ ಅಡಿಗೆ ಬಂದು, ಕೈಯಿಂದ ಎಳೆದು ತೆರೆಯುವಂತೆ ಗುಟ್ಟಾದ ಜಾಗದಲ್ಲಿ ಮುಗಿಯಬೇಕು. ಬ್ಯಾಟರಿ ಸತ್ತರೆ ಹೊರಗಿನಿಂದ ಕರೆಂಟ್ ಕೊಡಲು ಎರಡು ತುದಿಗಳನ್ನು ಗ್ರಿಲ್ಲಿನ ಹಿಂದೆ ಬಿಟ್ಟಿರಬೇಕು. ಕರಾವಳಿಯಲ್ಲಿ ರಿಲೇಯ ಕಾಲುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ರಿಲೇಯನ್ನು ಬಾಗಿಲಿನೊಳಗಲ್ಲ, ಡ್ಯಾಶ್‌ಬೋರ್ಡಿನ ಅಡಿ ಒಣಜಾಗದಲ್ಲಿಡಿ.

ಪ್ರಶ್ನೆ: ಚಾವಣಿಯ ಅಂಚಿನ ನೀರುದೋಣಿಯನ್ನು ಕತ್ತರಿಸಿ ತೆಗೆದರೆ ಚಂದ ಕಾಣುತ್ತದಲ್ಲವೇ?
– ಸಿದ್ದಾಪುರ

ಉತ್ತರ: ಚಂದ ಕಾಣುತ್ತದೆ. ಆದರೆ ಅದು ಬರೀ ದೋಣಿಯಲ್ಲ, ಚಾವಣಿಯ ತಗಡೂ ಪಕ್ಕದ ಚೌಕಟ್ಟೂ ಸ್ಪಾಟ್ ವೆಲ್ಡಿನಿಂದ ಕೂಡುವ ಅಂಚು. ಅಂಬಾಸಿಡರ್, ಫಿಯಟ್ ಎರಡಕ್ಕೂ ಬೇರೆ ಚಾಸಿ ಇಲ್ಲ, ಮೈಯೇ ಬಲ. ಕತ್ತರಿಸುವುದಾದರೆ 25 ಮಿ.ಮೀ. ಕತ್ತರಿಸಿ, ಅಷ್ಟನ್ನು ಬೆಸೆದು, ಆಮೇಲೆ ಮುಂದಿನ 25ಕ್ಕೆ ಹೋಗಬೇಕು. ಹಾಗೆ ಮಾಡಿದರೂ ಮಳೆಯಲ್ಲಿ ಬಾಗಿಲು ತೆರೆದ ಕೂಡಲೇ ಚಾವಣಿಯ ನೀರೆಲ್ಲ ಸೀಟಿನ ಮೇಲೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ನಮ್ಮ ಜಿಲ್ಲೆಗೆ ಇದು ಒಗ್ಗದು. ಬಿಟ್ಟುಬಿಡಿ.

ಪ್ರಶ್ನೆ: ಕಳೆದ ಆಗಸ್ಟಿನಲ್ಲಿ ಒಂದು ಗ್ಯಾರೇಜಿನಲ್ಲಿ ಪದ್ಮಿನಿಗೆ ಪೂರ್ತಿ ಪುಟ್ಟಿ ಎಳೆಸಿ, ಚಂಡಿ (ಒದ್ದೆ) ಮಾಡಿ ಉಜ್ಜಿಸಿ, ಬಣ್ಣ ಹೊಡೆಸಿದೆ. ದೀಪಾವಳಿ ಹೊತ್ತಿಗೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಬಾನೆಟ್ ಮೇಲೆ ಒಂದೆರಡು ಕಡೆ ಹಳದಿ ಕಲೆಯೂ ಇದೆ. ಏನು ತಪ್ಪಾಯಿತು?
– ಹೊನ್ನಾವರ

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರವಿದೆ: ಆಗಸ್ಟ್, ಚಂಡಿ. ಬರಿ ಪುಟ್ಟಿಯನ್ನು ನೀರು ಹಾಕಿ ಉಜ್ಜಿದರೆ ಅದು ಕುಡಿದ ನೀರು ಮಳೆಗಾಲದ ಗಾಳಿಯಲ್ಲಿ ಆರುವುದಿಲ್ಲ. ಮೇಲೆ ಬಣ್ಣ ಬಿದ್ದ ಮೇಲೆ ಬಿಸಿಲಿಗೆ ಆವಿಯಾಗಿ ಗುಳ್ಳೆ ಏಳುತ್ತದೆ. ಸಮುದ್ರದ ಹತ್ತಿರದ ಬಾವಿಯ ಸವಳು ನೀರಾಗಿದ್ದರೆ ಇನ್ನೂ ಕೆಟ್ಟದ್ದು. ಬಣ್ಣದ ಅಡಿ ಉಳಿದ ಉಪ್ಪಿನ ಕಣ ಹೊರಗಿನ ತೇವವನ್ನು ಬಣ್ಣದ ಮೂಲಕವೇ ಎಳೆದುಕೊಳ್ಳುತ್ತದೆ. ಹಳದಿ ಕಲೆ ಬಹುಮಟ್ಟಿಗೆ ಪುಟ್ಟಿ ಗಟ್ಟಿಯಾಗಲು ಕಲಸುವ ಹಾರ್ಡನರ್ ಹೆಚ್ಚಾದದ್ದರ ಗುರುತು. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದ ಹಾರ್ಡನರಿನ ಪೆರಾಕ್ಸೈಡ್ ಬಣ್ಣದವರೆಗೆ ಏರಿ ಬರುತ್ತದೆ.

ಮೇಲಿಂದ ಮೇಲೆ ಬಣ್ಣ ಹೊಡೆಸಿದರೆ ಗುಳ್ಳೆ ಮತ್ತೆ ಬರುತ್ತದೆ. ಗುಳ್ಳೆ ಇರುವಲ್ಲೆಲ್ಲ ತಗಡಿನವರೆಗೆ ಹೆರೆಯಲೇಬೇಕು. ತುಕ್ಕು ತೆಗೆಯಲು ಫಾಸ್ಫಾರಿಕ್ ಆಮ್ಲದ ದ್ರವ ಬಳಸಿದರೆ ಸಿಹಿನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ಒಣಗಿಸಿ. ಉಳಿದ ಆಮ್ಲದ ಮೇಲೆ ಎಪಾಕ್ಸಿ ಹಿಡಿಯದು. ತಗಡನ್ನು ಒರಟು ಮಾಡಿ ಮೊದಲು ಎಪಾಕ್ಸಿ ಪ್ರೈಮರ್, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಅದರ ಮೇಲೆ ಪುಟ್ಟಿ. ಈ ಕ್ರಮದಲ್ಲಿ ತಗಡು ಒಂದು ದಿನವೂ ಬೆತ್ತಲೆ ಇರುವುದಿಲ್ಲ, ನಮ್ಮ ಗಾಳಿಗೆ ಅದೇ ಮುಖ್ಯ.

100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್, ತಕ್ಕಡಿಯಲ್ಲಿ ತೂಗಿ. ಕರಾವಳಿಯ ಸೆಕೆಗೆ ನಾಲ್ಕೈದು ನಿಮಿಷದಲ್ಲಿ ಬಿಗಿಯುತ್ತದೆ, ಆದ್ದರಿಂದ ಅಂಗೈಯಷ್ಟೇ ಕಲಸಿ. ಒಟ್ಟು ದಪ್ಪ 3 ಮಿ.ಮೀ. ಒಳಗಿರಲಿ. ಅದಕ್ಕಿಂತ ಆಳದ ತಗ್ಗನ್ನು ಮೊದಲು ಬಡಿದು ಎತ್ತಬೇಕು. ಉಜ್ಜುವುದು ಒಣದಾಗಿಯೇ: 80ರ ಪೇಪರ್, ಆಮೇಲೆ 120, 180. ಬೆರಳಿನಲ್ಲಿ ಪೇಪರ್ ಹಿಡಿದರೆ ಬೆರಳಿನ ತಗ್ಗುಗಳೇ ಬೀಳುತ್ತವೆ. ಒಂದು ಮೊಳ ಉದ್ದದ ಮಣೆಗೆ ಸುತ್ತಿ ಓರೆಯಾಗಿ, ಒಮ್ಮೆ ಹೀಗೆ ಒಮ್ಮೆ ಹಾಗೆ ಎಳೆಯಿರಿ. ನುಣುಪು ಹುಟ್ಟುವುದು ಬಣ್ಣದಿಂದಲ್ಲ, ಈ ಮಣೆಯಿಂದ. ಕಪ್ಪು ಅಥವಾ ಕೆಂಪು ಬಣ್ಣ ಆರಿಸಿದ್ದರೆ ಸಣ್ಣ ಅಲೆಯೂ ಟ್ಯೂಬ್‌ಲೈಟಿನ ಪ್ರತಿಬಿಂಬದಲ್ಲಿ ಡೊಂಕಾಗಿ ಕಾಣುತ್ತದೆ.

ಮುಂದೆ ಟೂಕೆ (ಹಾರ್ಡನರ್ ಬೆರೆಸಿ ಹೊಡೆಯುವ) ಸರ್ಫೇಸರ್, ಅಂದರೆ ಉಜ್ಜಿದ ಗೀರು ತುಂಬುವ ದಪ್ಪ ಪ್ರೈಮರ್, ಎರಡರಿಂದ ಮೂರು ಕೋಟ್. ಗಟ್ಟಿಯಾದ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ಹಗುರವಾಗಿ ಹಾರಿಸಿ 320ರಿಂದ ಉಜ್ಜಿ. ಕಪ್ಪು ಉಳಿದಲ್ಲಿ ತಗ್ಗು, ತಗಡೋ ಪುಟ್ಟಿಯೋ ಇಣುಕಿದಲ್ಲಿ ಉಬ್ಬು. ಕೊನೆಯ 600ರ ಪೇಪರನ್ನು ಈ ಸರ್ಫೇಸರ್ ಮೇಲೆ, ಪುಟ್ಟಿ ಎಲ್ಲೂ ಇಣುಕದಿದ್ದರೆ, ಸಿಹಿನೀರು ಹಾಕಿ ಉಜ್ಜಬಹುದು. ಬಣ್ಣಕ್ಕೆ ಡಿಸೆಂಬರ್–ಫೆಬ್ರುವರಿ ಒಳ್ಳೆಯ ಕಾಲ, ಬೆಳಿಗ್ಗೆ ಹತ್ತರಿಂದ ಮೂರರೊಳಗೆ. ತಗಡಿನ ಬಿಸಿ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಟೂಕೆಯ ಹಾರ್ಡನರಿನಲ್ಲಿ ಉಸಿರಾಟಕ್ಕೆ ಅಪಾಯವಾದ ಐಸೊಸಯನೇಟ್ ಇದೆ. ಬಟ್ಟೆಯ ಮುಖವಾಡ ಅದನ್ನು ತಡೆಯದು, ಗಾಳಿ ಪೂರೈಸುವ ಮುಖವಾಡವಿಲ್ಲದೆ ಸ್ಪ್ರೇ ಮಾಡಲು ಯಾರನ್ನೂ ಬಿಡಬೇಡಿ.

ಪ್ರಶ್ನೆ: 1970ರ ಫಿಯಟ್ ಇದೆ. ಮೈ ನುಣುಪು ಮಾಡಿಸಿದರೆ ಆರ್‌ಟಿಒದಲ್ಲಿ ತೊಂದರೆಯೇ?
– ಅಂಕೋಲಾ

ಉತ್ತರ: ನಿಮ್ಮ ಕಾರಿಗೆ ಯೋಚಿಸಲೇಬೇಕಾದ ಸಂಗತಿಯಿದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಿಡಿ ಕಿತ್ತು ದೋಣಿ ಕತ್ತರಿಸಿದ ಮೇಲೆ ಆ ದಾರಿ ಮುಚ್ಚಿಹೋಗಬಹುದು. ತುಕ್ಕು ತೆಗೆಸಿ, ತಗಡು ನೇರ ಮಾಡಿಸಿ, ಲಾಂಛನ ಮತ್ತು ಪಟ್ಟಿಗಳನ್ನು ಮರಳಿ ಕೂರಿಸಿ. ಅಂಥ ಫಿಯಟ್ ಬೋಳು ಮೈಯದಕ್ಕಿಂತ ಚೆಲುವಾಗಿರುತ್ತದೆ ಎಂಬುದು ನಮ್ಮ ಅಭಿಪ್ರಾಯವೂ ಹೌದು. ಬಣ್ಣ ಬದಲಿಸುವುದಾದರೆ ಯಾವ ಕಾರಾದರೂ ಆರ್‌ಸಿಯಲ್ಲಿ ಹೊಸ ಬಣ್ಣ ನಮೂದಾಗಬೇಕು.

ಪ್ರಶ್ನೆ: ಬಂಪರಿನ ಬೋಲ್ಟು ಕಾಣದಂತೆ ಪುಟ್ಟಿ ಹಾಕಿ ಕ್ರೋಮ್ ಮಾಡಿಸಬಹುದೇ?
– ಶಿರಸಿ

ಉತ್ತರ: ಆಗದು. ಪುಟ್ಟಿಯಲ್ಲಿ ವಿದ್ಯುತ್ ಹರಿಯದು, ಹಾಗಾಗಿ ಪ್ಲೇಟಿಂಗ್ ಹಿಡಿಯದು. ಬೋಲ್ಟಿನ ತಲೆಯನ್ನು ಬಂಪರಿಗೇ ಬೆಸೆದು, ಸಮ ತೇಯ್ದು, ತಾಮ್ರ ದಪ್ಪಗೆ ಏರಿಸಿ ಪಾಲಿಶ್ ಮಾಡಿದ ಮೇಲೆ ನಿಕ್ಕಲ್, ಕ್ರೋಮ್ ಕೊಡಿಸಿ. ವೆಲ್ಡಿನಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ತೊಟ್ಟಿಯ ಆಮ್ಲ ಅದರಲ್ಲಿ ಕೂತು ಆಮೇಲೆ ಒಸರುತ್ತದೆ. ಪ್ಲೇಟಿಂಗಿಗೆ ಕಳಿಸುವ ಮುನ್ನ ಬಿಸಿಲಲ್ಲಿ ಹಿಡಿದು ಒಂದೊಂದು ವೆಲ್ಡನ್ನೂ ನೋಡಿ.